ಐದು ವರ್ಷಕ್ಕೊಂದು ಲೆನ್ಸ್

ಎಲ್ಲ ಮುಗಿದ ಮೇಲೆ ಹೋಗಿ ನಿಲ್ಲುವುದೇ ಮಸಿಯಕ್ಕನ ಕೆಲಸ. ಬೆಂಕಿ ಆರಿರಬೇಕು, ನೀರು ಇಳಿದಿರಬೇಕು, ಅಳುವವರು ಅತ್ತು ಸುಸ್ತಾಗಿರಬೇಕು. ಆಗ ಅವಳು ಹೆಗಲಿಗೆ ಕ್ಯಾಮೆರಾ ಚೀಲ ಏರಿಸಿಕೊಂಡು ಬರುತ್ತಿದ್ದಳು. ವಿಮಾ ಕಂಪನಿಗಳಿಗೆ ನಷ್ಟದ ವರದಿ ಬರೆದುಕೊಡುವ ಒಂದು ಸಣ್ಣ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಫೋಟೋ ತೆಗೆಯುವವಳು ಅವಳೇ. ಸುಟ್ಟ ಗೋಡೆಗೆ ಒರಗಿ, ಕರಕಲು ಬಾಗಿಲು ತಳ್ಳಿ, ಸಂಜೆ ಮನೆಗೆ ಬರುವಾಗ ಮೊಣಕೈಯಲ್ಲೋ ಕಿವಿಯ ಹಿಂದೆಯೋ ಒಂದಿಷ್ಟು ಮಸಿ ಇದ್ದೇ ಇರುತ್ತಿತ್ತು. ಕಚೇರಿಯಲ್ಲಿ ಯಾರೋ ತಮಾಷೆಗೆ ಕರೆದದ್ದು ಅಂಟಿಕೊಂಡುಬಿಟ್ಟಿತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅವಳ ನಿಜವಾದ ಹೆಸರಿಗೆ ಈಗ ಬೇರೆ ಕೆಲಸವಿರಲಿಲ್ಲ.

ಅವಳ ಜೊತೆ ಹೋಗುತ್ತಿದ್ದವನು ಸರ್ವೇಯರ್. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಕಡ್ಡಿಯಂಥ ಆಸಾಮಿ. ಊಟಕ್ಕೆ ಕೂತರೂ ಸೊಂಟದ ಟೇಪು ಬಿಚ್ಚದವನಾದ್ದರಿಂದ ಅವನಿಗೆ ಅಳತೆಪಟ್ಟಿ ಎಂದೇ ಹೆಸರು. ಅವನು ಅಳೆಯುತ್ತಿದ್ದ, ಅವಳು ಅಳತೆ ಬರೆದುಕೊಂಡು ಫೋಟೋ ತೆಗೆಯುತ್ತಿದ್ದಳು. ಇಬ್ಬರೂ ಕಚೇರಿಯ ವ್ಯಾನಿನಲ್ಲಿ ವಾರಕ್ಕೆ ಎಂಟು ಹತ್ತು ಜಾಗ ಸುತ್ತುತ್ತಿದ್ದರು. ಹೋದ ಕಡೆಯೆಲ್ಲ ಮನೆಯವರು ಒಂದೇ ಮಾತು ಕೇಳುತ್ತಿದ್ದರು: “ಚೆನ್ನಾಗಿ ಬಂತಾ?” ಮಗುವಿನ ಫೋಟೋ ತೆಗೆಸಿದವರ ಹಾಗೆ. ಮೊದಮೊದಲು ಆ ಮಾತಿಗೆ ಮಸಿಯಕ್ಕ ಕ್ಯಾಮೆರಾ ಇಳಿಸಿ ಅವರ ಮುಖ ನೋಡುತ್ತಿದ್ದಳು. ಆಮೇಲಾಮೇಲೆ “ಬಂತು, ಬಂತು” ಅಂದು ಮುಂದಿನ ಕೋಣೆಗೆ ನಡೆಯುವುದು ರೂಢಿಯಾಯಿತು. ಐವತ್ಮೂರನೇ ವಯಸ್ಸಿಗೆ ಬಲ ಹೆಗಲು ಬಾಗಿಲಿನ ಹಳೇ ತಿರುಗಣಿಯಂತೆ ಕಿರುಗುಟ್ಟುತ್ತಿತ್ತು. ಬೆಳಿಗ್ಗೆ ಎದ್ದಾಗಲೇ ಸಾಯಂಕಾಲದಷ್ಟು ದಣಿವು.

ಹೀಗಿರುವಾಗ ಒಂದು ದಿನ ಮ್ಯಾನೇಜರು ಅವಳ ಮೇಜಿನ ಮೇಲೆ ಹೊಸ ಡಬ್ಬ ತಂದಿಟ್ಟರು.

“ಫುಲ್ ಫ್ರೇಮ್ ಕ್ಯಾಮೆರಾ ಅಕ್ಕಾ! ಇನ್ಮೇಲೆ ನಮ್ಮ ಫೋಟೋ ಮಸುಕಾಗಿದೆ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ.”

ಮಸಿಯಕ್ಕ ಡಬ್ಬ ತೆರೆದು ಒಳಗೆ ಕೈ ಆಡಿಸಿದಳು. “ಲೆನ್ಸ್ ಎಲ್ಲಿ ಸಾರ್?”

“ಹಳೇದಿದೆಯಲ್ಲ, ಅದನ್ನೇ ಹಾಕಿ.”

ಅವಳು ಹಳೇ ಲೆನ್ಸನ್ನು ಸಿಕ್ಕಿಸಿ ಒಂದು ಫೋಟೋ ತೆಗೆದು ತೋರಿಸಿದಳು. ನಾಲ್ಕು ಮೂಲೆಯೂ ಕಪ್ಪು; ನಡುವೆ ಮ್ಯಾನೇಜರ ಮುಖ, ಕೊಳವೆಯೊಳಗಿಂದ ನೋಡಿದಂತೆ. ಹಳೇ ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಕಣ್ಣು ಚಿಕ್ಕದು, ಆ ಲೆನ್ಸನ್ನು ಅಷ್ಟಕ್ಕೇ ಮಾಡಿದ್ದು. ಹೊಸದರ ಕಣ್ಣು ಅದಕ್ಕಿಂತ ಎಷ್ಟೋ ದೊಡ್ಡದು, ಪೂರ್ತಿ ತುಂಬಲು ಬೇರೆಯದೇ ಬೇಕು. ಮ್ಯಾನೇಜರು ತಲೆ ಕೆರೆದುಕೊಂಡರು. ದೊಡ್ಡ ಗಾಡಿ ತಂದು ಚಕ್ರ ಮರೆತವರ ಮುಖ ಅವರದಾಯಿತು.

“ಸರಿ, ಒಂದು ತಗೊಳ್ಳಿ. ಒಂದೇ. ಯಾವುದು ಬೇಕೋ ನೀವೇ ನೋಡಿ ಆರಿಸಿ. ಆದ್ರೆ ಅಕ್ಕಾ, ಇನ್ನು ಐದು ವರ್ಷ ಇನ್ನೊಂದು ಲೆನ್ಸ್ ಅಂತ ನನ್ನ ಹತ್ರ ಬರಬಾರ್ದು.”

ಐದು ವರ್ಷಕ್ಕೆ ಅವಳ ನಿವೃತ್ತಿ. ಅಂದರೆ ಇದೇ ಕೊನೆಯದು. ಬೇರೆಯವರಾಗಿದ್ದರೆ ಹೊಸ ಲೆನ್ಸ್ ಅಂತ ಕುಣಿಯುತ್ತಿದ್ದರೇನೋ. ಮಸಿಯಕ್ಕನಿಗೆ ಮಾತ್ರ, ಅಯ್ಯೋ, ಇನ್ನೊಂದನ್ನು ಆರಿಸಬೇಕಲ್ಲ ಅನ್ನಿಸಿತು.

ಒಂದೇ ಲೆನ್ಸ್ ಅಂದಮೇಲೆ ಅದು ಜೂಮ್ ಆಗಿರಲೇಬೇಕು, ಅದರಲ್ಲಿ ಅನುಮಾನವಿರಲಿಲ್ಲ. ಅವಳ ಕೆಲಸದಲ್ಲಿ ಇಡೀ ಕೋಣೆ ಒಂದೇ ಚಿತ್ರದಲ್ಲಿ ಬರಬೇಕು, ಛಾವಣಿಯ ತುದಿಯ ಸೀಳೂ ಬರಬೇಕು, ಸುಟ್ಟ ಯಂತ್ರದ ಮೇಲಿನ ನಂಬರೂ ಓದಲು ಸಿಗಬೇಕು. ಎರಡು ಮೂರು ಲೆನ್ಸ್ ಇಟ್ಟುಕೊಂಡು ಬದಲಾಯಿಸುತ್ತಾ ಹೋಗೋಣವೆಂದರೆ, ಬೂದಿ ಹಾರುವ ಜಾಗದಲ್ಲಿ ಕ್ಯಾಮೆರಾದ ಬಾಯಿ ತೆರೆಯುವಂತಿಲ್ಲ. ಒಮ್ಮೆ ಹಾಗೆ ತೆರೆದಾಗ ಒಳಗೆ ಕಸ ಕೂತು, ಆ ವಾರದ ಅಷ್ಟೂ ಫೋಟೋದಲ್ಲಿ ಒಂದೇ ಕಡೆ ಕಪ್ಪು ಚುಕ್ಕೆ ಬಂದಿತ್ತು. ಅಳತೆಪಟ್ಟಿ ಅದನ್ನು ಗೋಡೆಯ ತೂತೆಂದು ತಿಳಿದು, ಅದರ ಅಗಲ ಅಳೆಯಲು ಇಪ್ಪತ್ತು ಮೈಲಿ ವಾಪಸು ಹೋಗಿ ಬರಿಗೋಡೆ ಸವರಿ ಬಂದಿದ್ದ. ಈಗಲೂ ಕಚೇರಿಯಲ್ಲಿ ಅವನನ್ನು “ತೂತು ಸಿಕ್ತಾ?” ಎಂದು ಕೇಳಿದರೆ ಮುಖ ಸಿಂಡರಿಸುತ್ತಿದ್ದ.

ಕ್ಯಾಮೆರಾ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಇತ್ತೀಚೆಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದರಿಂದ ಕಪ್ಪು ಕನ್ನಡಕ ಹಾಕಿಕೊಂಡು ಗಲ್ಲಾದ ಹಿಂದೆ ಕೂತಿದ್ದರು.

“ಒಂದೇ ಲೆನ್ಸ್ ಬೇಕು ಯಜಮಾನ್ರೇ. ಎಲ್ಲದಕ್ಕೂ ಆಗ್ಬೇಕು. ಹಗುರ ಇರ್ಬೇಕು. ಕತ್ತಲಲ್ಲೂ ತೆಗೀಬೇಕು,” ಅಂದಳು ಮಸಿಯಕ್ಕ.

“ಅಂಥ ಗಂಡು ಎಲ್ಲೂ ಸಿಗಲ್ಲಮ್ಮ,” ಅಂದು ಯಜಮಾನರು ನಕ್ಕರು. ಆಮೇಲೆ ಮೆತ್ತನೆಯ ಬಟ್ಟೆ ಹಾಸಿ ಮೂರು ಲೆನ್ಸ್ ಸಾಲಾಗಿ ಇಟ್ಟರು. “ನಂಬರ್ ಚಿಕ್ಕದಾದಷ್ಟೂ ಅಗಲ ಕಾಣುತ್ತೆ, ದೊಡ್ಡದಾದಷ್ಟೂ ದೂರದ್ದು ಹತ್ರ ಬರುತ್ತೆ, ಅದು ನಿಮಗೆ ಗೊತ್ತೇ ಇದೆ. ಇದು ಇಪ್ಪತ್ತೆಂಟರಿಂದ ಇನ್ನೂರು. ಹಗುರ, ದೂರ ನೋಡುತ್ತೆ. ಆದ್ರೆ ಬೆಳಕು ಕಮ್ಮಿ ಇದ್ರೆ ತಡವರಿಸುತ್ತೆ. ಇದು ಇಪ್ಪತ್ನಾಲ್ಕರಿಂದ ಎಪ್ಪತ್ತು. ಕತ್ತಲಲ್ಲೂ ನಿಚ್ಚಳ. ಆದ್ರೆ ಹೆಣಭಾರ. ಇದು ನೂರೈದರವರೆಗೆ ಹೋಗುತ್ತೆ, ಎರಡರ ನಡುವಿನದು.”

ಮಸಿಯಕ್ಕ ಮೂರನೆಯದರ ಕಡೆ ಸರಿಯಾಗಿ ನೋಡಲೂ ಇಲ್ಲ. ಮೊದಲಿನವೆರಡನ್ನು ಎತ್ತಿ ಎತ್ತಿ ಇಟ್ಟಳು. ಅವಳು ತೀರ್ಮಾನಕ್ಕೆ ಬರಲಾಗದೆ ನಿಂತಿದ್ದು ನೋಡಿ ಯಜಮಾನರೇ ಅಂದರು, “ಎರಡು ವಾರ ಇಟ್ಕೊಳ್ಳಿ. ವಾರಕ್ಕೊಂದು. ನನ್ನ ಹಳೇ ಗಿರಾಕಿ ನೀವು, ಓಡಿ ಹೋಗ್ತೀರಾ?”

“ಓಡೋ ಶಕ್ತಿ ಇದ್ರೆ ಯಾಕೆ ಬರ್ತಿದ್ದೆ ಇಲ್ಲಿಗೆ,” ಅಂದಳು ಅವಳು.

ಮೊದಲ ವಾರ ಹಗುರದ್ದು. ಮೂರು ದಿನ ಹೆಗಲು ಮಾತಾಡಲಿಲ್ಲ. ಮುದ್ರಣಾಲಯವೊಂದರ ನೆಲಮಾಳಿಗೆಗೆ ನೀರು ನುಗ್ಗಿತ್ತು; ಬಿಸಿಲು ಮಾತ್ರ ಗವಾಕ್ಷಿಗಳಿಂದ ಧಾರಾಳವಾಗಿ ಬೀಳುತ್ತಿತ್ತು. ಮೆಟ್ಟಿಲ ಮೇಲೇ ನಿಂತು, ಕಾಲು ತೋಯಿಸದೆ, ಆ ತುದಿಯ ಯಂತ್ರದ ಮೇಲೆ ನೀರು ಏರಿದ್ದ ಗೆರೆಯನ್ನು ಕಣ್ಣ ಮುಂದಿಟ್ಟಂತೆ ತೆಗೆದುಕೊಂಡಳು. ಇದೇ ಆಯಿತು, ಇನ್ನು ಹುಡುಕುವುದು ಬೇಡ ಅಂದುಕೊಂಡಳು. ನಾಲ್ಕನೆಯ ದಿನ ಒಂದು ಮನೆಯ ಬಚ್ಚಲಿಗೆ ಹೋಗಬೇಕಾಯಿತು. ಗೀಸರು ಸಿಡಿದು ಗೋಡೆಯ ಟೈಲ್ಸ್ ಉದುರಿದ್ದವು. ಎರಡು ಹೆಜ್ಜೆಯಷ್ಟು ಜಾಗ. ಬೆನ್ನು ಗೋಡೆಗೆ ಅಂಟಿಸಿ ನಿಂತರೂ ಗೀಸರು ಬಂದರೆ ನೆಲ ಬರುತ್ತಿರಲಿಲ್ಲ, ನೆಲ ಬಂದರೆ ಗೀಸರಿಲ್ಲ. ಕೊನೆಗೆ ಕಮೋಡಿನ ಅಂಚಿನ ಮೇಲೆ ಹತ್ತಿ ನಿಂತಳು. ಆದರೂ ಒಂದು ಮೂಲೆ ಹೊರಗೇ ಉಳಿಯಿತು. ಬಲ್ಬು ಬೇರೆ ಇರಲಿಲ್ಲ. ಕಿಟಕಿಯ ಮಂಕು ಬೆಳಕಿನಲ್ಲಿ ತೆಗೆದದ್ದೆಲ್ಲ ರವೆ ಚೆಲ್ಲಿದಂತೆ ಕಾಳುಕಾಳಾಗಿ ಬಂತು.

ಬಾಗಿಲಲ್ಲಿ ನಿಂತ ಅಳತೆಪಟ್ಟಿ ಕೇಳಿದ, “ಅಕ್ಕಾ, ಇನ್ನೂ ಮೇಲೆ ಹತ್ತೋದಿದೆಯಾ? ಏಣಿ ತರ್ಲಾ?”

“ಮೊದಲು ಕೈ ಕೊಡಿ. ಇಳಿಯೋಕೆ ಆಗ್ತಿಲ್ಲ,” ಅಂದಳು.

ಎರಡನೆಯ ವಾರ ಭಾರದ್ದು. ಒಬ್ಬ ದರ್ಜಿಯ ಅಂಗಡಿ ಸುಟ್ಟುಹೋಗಿತ್ತು, ಕರೆಂಟು ತೆಗೆದಿದ್ದರು. ಕರಿ ಗೋಡೆ, ಕರಿ ಸೂರು, ಕರಿ ಮೇಜು. ಹಳೇ ಲೆನ್ಸ್ ಆಗಿದ್ದರೆ ಅಲ್ಲಿ ಮಸಿಯ ಮುದ್ದೆಯೊಂದೇ ಕಾಣುತ್ತಿತ್ತು. ಈ ಲೆನ್ಸು ಮುರಿದ ಕಿಟಕಿಯಿಂದ ಬಂದ ಅಷ್ಟೇ ಬೆಳಕನ್ನು ಹೀರಿ, ಕರಿಯೊಳಗಿನ ಕರಿಯನ್ನೆಲ್ಲ ಬಿಡಿಸಿ ತೋರಿಸಿತು. ಹೊಲಿಗೆ ಯಂತ್ರದ ಸೂಜಿ, ಅದರಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ದಾರದ ತುಣುಕು. ಚಿಕ್ಕ ಪರದೆಯ ಮೇಲೆ ಅದನ್ನು ಮಸಿಯಕ್ಕ ದೊಡ್ಡದು ಮಾಡಿ ಮಾಡಿ ನೋಡಿದಳು. ಎಷ್ಟೋ ವರ್ಷದ ಮೇಲೆ ತನ್ನ ಕೆಲಸ ತನಗೇ ಹಿಡಿಸಿತ್ತು. ಸಂಜೆ ಮನೆಗೆ ಬಂದು ನೀರಿನ ಲೋಟ ಎತ್ತಲು ಹೋದರೆ ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲಿ ಕುಡಿದಳು. ಗಂಡ ನೋಡಿದ. ಬಸ್ ಡಿಪೋದಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ಅವನು. ಕಡಿಮೆ ಮಾತಿನ ಮನುಷ್ಯ. ಎಣ್ಣೆ ಬಿಸಿ ಮಾಡಿ ತಂದು ಹೆಗಲು ತಿಕ್ಕಿದ.

ಆ ವಾರದ ಕೊನೆಯ ಕೆಲಸ ಹಾಸಿಗೆ ತಯಾರಿಸುವವರ ಗೋದಾಮು. ಹತ್ತಿಯ ಬೆಂಕಿ, ಆರಿಸಿ ಮೂರು ದಿನವಾಗಿದ್ದರೂ ಗಂಟಲು ಕೆರೆಯುವ ವಾಸನೆ. ಅಳತೆಪಟ್ಟಿ ಸೂರಿನ ಕಡೆ ಬೆರಳು ಮಾಡಿದ. ತೊಲೆಯ ಪಕ್ಕ ಎರಡು ತಂತಿ ಸೇರಿಸಿದ ಗಂಟೊಂದು ಕರಗಿ ಮುದ್ದೆಯಾಗಿತ್ತು.

“ಬೆಂಕಿ ಹುಟ್ಟಿದ್ದು ಅಲ್ಲೇ ಅನ್ಸುತ್ತೆ ಅಕ್ಕಾ. ಅದು ಚೆನ್ನಾಗಿ ಕಾಣ್ಬೇಕು. ಅದಿಲ್ಲಾಂದ್ರೆ ವರದಿ ನಿಲ್ಲಲ್ಲ.”

ಮಸಿಯಕ್ಕ ಎಪ್ಪತ್ತಕ್ಕೆ ತಿರುಗಿಸಿ ನೋಡಿದಳು. ಗಂಟು ಕಡಲೆಕಾಳಿನಷ್ಟು ಕಂಡಿತು. ಹೋದ ವಾರದ ಲೆನ್ಸ್ ಆಗಿದ್ದರೆ ನಿಂತಲ್ಲಿಂದಲೇ ಆಗುತ್ತಿತ್ತು. ಈಗ ಹತ್ತಿರ ಹೋಗದೆ ಬೇರೆ ದಾರಿಯಿರಲಿಲ್ಲ. ಗೋದಾಮಿನ ಒಂದು ಬದಿಗೆ ಅಟ್ಟವಿತ್ತು, ಕಬ್ಬಿಣದ ಮೆಟ್ಟಿಲಿತ್ತು.

“ಬೇಡ ಅಕ್ಕಾ, ಹಲಗೆ ಸುಟ್ಟಿದೆ.”

“ಅಂಚಿನಲ್ಲೇ ಹೋಗ್ತೀನಿ. ಬಚ್ಚಲಲ್ಲಿ ಹತ್ತಿದವಳಿಗೆ ಇದೇನು ಮಹಾ.”

ನಾಲ್ಕು ಹೆಜ್ಜೆ ಚೆನ್ನಾಗಿಯೇ ಇಟ್ಟಳು. ಐದನೆಯದಕ್ಕೆ ಹಲಗೆ ಹಪ್ಪಳದಂತೆ ಲಟಕ್ಕೆಂದಿತು, ಎಡಗಾಲು ತೊಡೆಯವರೆಗೂ ಕೆಳಗಿಳಿಯಿತು. ಕಣಕಾಲು ಅಡಿಯ ಅಡ್ಡಪಟ್ಟಿಗೆ ಸಿಕ್ಕಿ ಏನೋ ಮುರಿದ ಸದ್ದು ಅವಳಿಗೇ ಕೇಳಿಸಿತು. ಅಳತೆಪಟ್ಟಿ ಕೂಗುತ್ತಾ ಮೆಟ್ಟಿಲು ಹತ್ತಿ ಬಂದಾಗ ಮಸಿಯಕ್ಕ ಅರ್ಧ ಅಟ್ಟದ ಮೇಲೆ, ಅರ್ಧ ಕೆಳಗೆ ಇದ್ದಳು. ಎರಡೂ ಕೈ ತಲೆಯ ಮೇಲಿದ್ದವು, ಕೈಯಲ್ಲಿ ಕ್ಯಾಮೆರಾ.

“ಮೊದಲು ಇದನ್ನ ಹಿಡ್ಕೊಳ್ಳಿ! ಲೆನ್ಸ್ ಅಂಗಡಿಯವರದು!”

“ಕಾಲು ನಿಮ್ದಲ್ವಾ ಅಕ್ಕಾ?” ಅಂದ ಅವನು. ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡ. ಅವಳನ್ನು ಮಗುವಿನಂತೆ ಎತ್ತಿಕೊಂಡು ವ್ಯಾನಿಗೆ ತಂದ. ಅಂಥ ಕಡ್ಡಿ ಆಸಾಮಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಏಣಿ ಹೊತ್ತುಕೊಂಡು ವಾಪಸು ಹೋಗಿ, ತನ್ನ ಮೊಬೈಲಿನಲ್ಲೇ ಆ ಗಂಟಿನ ಹನ್ನೆರಡು ಫೋಟೋ ತೆಗೆದ. ಹನ್ನೊಂದು ಅಲುಗಾಡಿದ್ದವು. ಒಂದು ನೆಟ್ಟಗಿತ್ತು, ಅದೇ ವರದಿಗೆ ಹೋಯಿತು.

ಕಣಕಾಲಿನ ಮೂಳೆ ಎರಡು ಕಡೆ ಬಿಟ್ಟಿತ್ತು. ಎಂಟು ವಾರ ಪ್ಲಾಸ್ಟರು, ಕಾಲು ನೆಲಕ್ಕೆ ತಾಗಿಸುವಂತಿಲ್ಲ ಅಂದರು ಡಾಕ್ಟರು. ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಎದುರಿಗೆ ಕಾಲಿಡಲು ಸ್ಟೂಲು. ಅಲ್ಲಿಂದ ನೋಡಿದರೆ ನಡುವಿನ ಕಿರಿದಾದ ಓಣಿಯ ಆ ತುದಿಗೆ ಅಡುಗೆಮನೆಯ ಕಟ್ಟೆ ಕಾಣುತ್ತಿತ್ತು. ಮೊದಲ ವಾರ ಅವಳು ಬರೀ ನಿದ್ದೆ ಮಾಡಿದಳು. ಕೂತಲ್ಲೇ, ಕೈಯಲ್ಲಿ ಲೋಟವಿದ್ದಂತೆಯೇ. ಇಪ್ಪತ್ತಾರು ವರ್ಷದ ನಿದ್ದೆಯೆಲ್ಲ ಸಾಲು ಹಿಡಿದು ನಿಂತಿತ್ತೇನೋ. ಗಂಡ ಬೆಳಿಗ್ಗೆ ಎಬ್ಬಿಸಿ ಮುಖ ತೊಳೆಸುತ್ತಿದ್ದ, ತಲೆ ಬಾಚುತ್ತಿದ್ದ, ಅಡುಗೆ ಮಾಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಬಚ್ಚಲಿಗೆ ಹೆಗಲು ಕೊಟ್ಟು ನಡೆಸುತ್ತಿದ್ದ. “ನಿಮಗೆ ಕಷ್ಟ” ಎಂದರೆ “ಏನ್ ಮಹಾ ಕಷ್ಟ, ಸುಮ್ನಿರು” ಅನ್ನುತ್ತಿದ್ದ. ಅವಳು ಮತ್ತೆ ಕಣ್ಣು ಮುಚ್ಚುತ್ತಿದ್ದಳು.

ಮೂರನೆಯ ವಾರ ಕ್ಯಾಮೆರಾ ಅಂಗಡಿಯ ಯಜಮಾನರು ಬಸ್ಸಿನಲ್ಲಿ ನೋಡಲು ಬಂದರು. ಕಪ್ಪು ಕನ್ನಡಕ ಹೋಗಿತ್ತು. ಕೈಯಲ್ಲಿ ಹಣ್ಣಿನ ಚೀಲ, ಚೀಲದ ತಳದಲ್ಲಿ ಬಟ್ಟೆ ಸುತ್ತಿದ ಮೂರನೆಯ ಲೆನ್ಸು.

“ನಿಮ್ಮ ಲೆನ್ಸಿಗೆ ಒಂದು ಗೀರೂ ಬಿದ್ದಿಲ್ಲ ಯಜಮಾನ್ರೇ,” ಅಂದಳು ಮಸಿಯಕ್ಕ.

“ಅದೇ ನನಗೆ ನಾಚಿಕೆ ಆಗಿದ್ದು. ನನ್ನ ಗಾಜಿಗೋಸ್ಕರ ನೀವು ಕಾಲು ಕೊಟ್ರಿ ಅಂತ ನಿಮ್ಮ ಆಫೀಸಿನವರು ಹೇಳಿದ್ರು. ತಗೊಳ್ಳಿ, ಇದನ್ನೂ ನೋಡಿಬಿಡಿ. ಇಪ್ಪತ್ನಾಲ್ಕರಿಂದ ನೂರೈದು.”

“ಮೊದಲೇ ಇದನ್ನೇ ಕೊಡ್ಬಹುದಿತ್ತಲ್ಲ?”

“ಅವತ್ತು ಮೂರೂ ಇಟ್ಟಿದ್ದೆ ತಾಯಿ, ನೀವು ಇದರ ಮುಖಾನೇ ನೋಡ್ಲಿಲ್ಲ. ಯಾರೂ ನೋಡಲ್ಲ. ಅದರಷ್ಟು ದೂರ ಇಲ್ಲ, ಇದರಷ್ಟು ಬೆಳಕಿಲ್ಲ ಅಂತ ಮೂಗು ಮುರೀತಾರೆ. ನನ್ನ ಅಂಗಡೀಲಿ ಮಾತ್ರ ಮಾರಿದ ಮೇಲೆ ವಾಪಸ್ ಬರದೇ ಇರೋದು ಇದೊಂದೇ.”

ಗಂಡ ಎಲ್ಲರಿಗೂ ಚಹಾ ತಂದುಕೊಟ್ಟ. ಮಾತಿನ ನಡುವೆ ಮಸಿಯಕ್ಕ ಅಂದಳು, “ನನಗೆ ಸಾಕಾಗಿದೆ ಯಜಮಾನ್ರೇ. ಸುಟ್ಟಿದ್ದು, ಮುರಿದಿದ್ದು, ಕೊಳೆತಿದ್ದು. ಒಂದು ನೆಟ್ಟಗಿರೋ ಮನೇನ ನಾನು ತೆಗೆದೇ ಇಲ್ಲ.”

ಯಜಮಾನರು ಸಮಾಧಾನವನ್ನೇನೂ ಹೇಳಲಿಲ್ಲ. “ನನಗೂ ಸಾಕಾಗಿದೆ,” ಅಂದು ಚಹಾ ಮುಗಿಸಿ ಎದ್ದರು.

ಮರುದಿನ ಬೆಳಿಗ್ಗೆ ಬೇರೆ ಕೆಲಸವಿಲ್ಲದೆ ಅವಳು ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿದಳು. ಭಾರ ಇತ್ತು, ಆದರೆ ಹೆಗಲು ತಡೆಯುವಷ್ಟು. ಎದ್ದು ಓಡಾಡುವಂತಿಲ್ಲವಾದ್ದರಿಂದ ಕೂತಲ್ಲಿಂದಲೇ ತಿರುಗಿಸಿ ತಿರುಗಿಸಿ ನೋಡಿದಳು. ಇಪ್ಪತ್ನಾಲ್ಕಕ್ಕೆ ಇಡೀ ಕೋಣೆ ಬಂತು: ಕಪಾಟು, ಒಣಹಾಕಿದ ಬಟ್ಟೆ, ಸ್ಟೂಲಿನ ಮೇಲೆ ಅವಳದೇ ಬಿಳಿ ಕಾಲು. ಬಚ್ಚಲಿನ ಆ ಮೂಲೆ ಇದರಲ್ಲಿ ಹೊರಗುಳಿಯುತ್ತಿರಲಿಲ್ಲ. ಆಮೇಲೆ ಓಣಿಯ ಆ ತುದಿಗೆ ಗುರಿಯಿಟ್ಟು ನೂರೈದಕ್ಕೆ ತಿರುಗಿಸಿದಳು.

ಅಡುಗೆಮನೆಯ ಕಟ್ಟೆಯ ಹತ್ತಿರ ಗಂಡ ನಿಂತಿದ್ದ. ಅವಳು ನೋಡುತ್ತಿರುವುದು ಅವನಿಗೆ ಗೊತ್ತಿರಲಿಲ್ಲ. ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟ. ಬೆಂಕಿ ಹಚ್ಚಲಿಲ್ಲ. ಎರಡೂ ಅಂಗೈ ಕಟ್ಟೆಗೆ ಊರಿ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟ. ಹಾಗೆಯೇ ತುಂಬಾ ಹೊತ್ತು. ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಹೆರೆದು ನಾಲ್ಕು ದಿನವಾಗಿತ್ತು, ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ಅವನಿಗೆ ಅರವತ್ತೆರಡು. ಮೂರು ವಾರದಿಂದ ಅವಳನ್ನು ಎತ್ತಿ ಇಳಿಸುತ್ತಿದ್ದ ಈ ಮನುಷ್ಯನ ಮುಖವನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ರೂಢಿಯ ಬೆರಳು ಕ್ಯಾಮೆರಾದ ಗುಂಡಿ ಒತ್ತಿತು. ಸದ್ದಿಗೆ ಅವನು ಬೆಚ್ಚಿ ತಿರುಗಿದ.

“ಏನೇ ಅದು?”

“ರೀ, ಒಲೆ ಬಿಡಿ. ಇಲ್ಲಿ ಬಂದು ಕೂತ್ಕೊಳ್ಳಿ.”

“ಚಹಾ...”

“ಚಹಾ ಆಮೇಲೆ. ಬನ್ನಿ.”

ಅವನು ಬಂದು ಮಂಚದ ತುದಿಯಲ್ಲಿ ಕೂತ. ಅವಳು ಕ್ಯಾಮೆರಾ ಚಾಚಿ ಅವನ ಫೋಟೋವನ್ನು ಅವನಿಗೇ ತೋರಿಸಿದಳು. ಅವನು ಕನ್ನಡಕ ಏರಿಸಿ, ದೂರದ ಸಂಬಂಧಿಯೊಬ್ಬನನ್ನು ಗುರುತಿಸುವವನಂತೆ ಬಹಳ ಹೊತ್ತು ನೋಡಿದ.

“ಇಷ್ಟು ಮುದುಕ ಆಗಿದೀನಾ?”

“ದಣಿದಿದೀರ. ನಿಮ್ಮಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬನ್ನಿ.”

“ನಿನ್ನ ಬಿಟ್ಟು? ಹುಚ್ಚಾ ನಿನಗೆ?”

“ಕೋಲಿದೆ. ಪಕ್ಕದ ಮನೆಯವರಿದ್ದಾರೆ. ಬೆಳಗಿನಿಂದ ಸಂಜೆವರೆಗೆ ಆಯಾ ಒಬ್ಬರು ಬರ್ತಾರೆ ಅಂತ ಡಾಕ್ಟರೇ ಹೇಳಿದ್ರು, ನೀವೇ ಬೇಡ ಅಂದಿದ್ದು.”

ಎರಡು ದಿನ ಹಾಂ ಹೂಂ ನಡೆಯಿತು. ಮೂರನೆಯ ದಿನ ಆಯಾ ಬಂದಳು, ಅವನು ಹೋದ. ಅಕ್ಕನ ಮನೆ ಸೇರಿದ ಮೇಲೆ ಒಂದು ಫೋನೂ ಇಲ್ಲ. ಗಾಬರಿಯಾಗಿ ಮಸಿಯಕ್ಕನೇ ಮಾಡಿದಳು. ಎತ್ತಿಕೊಂಡದ್ದು ಅವನ ಅಕ್ಕ. “ಮಲಗಿದಾನಮ್ಮ. ನಿನ್ನೆ ಊಟ ಮಾಡಿ ಮಲಗಿದವನು ಇನ್ನೂ ಎದ್ದಿಲ್ಲ. ಎಬ್ಬಿಸ್ಲಾ?”

“ಬೇಡ ಅತ್ತಿಗೆ, ಮಲಗ್ಲಿ,” ಅಂದು ಫೋನಿಟ್ಟಳು. ಇಟ್ಟ ಮೇಲೆ ಯಾಕೋ ಕಣ್ಣು ತುಂಬಿ ಬಂತು. ನಾಲ್ಕು ದಿನಕ್ಕೆಂದು ಹೋದವನು ಒಂಬತ್ತು ದಿನ ಇದ್ದು ಬಂದ.

ಪ್ಲಾಸ್ಟರು ಬಿಚ್ಚಿದ ಮೇಲೆ ಅವಳು ಕಚೇರಿಗೆ ಹೋದಳು. ಮ್ಯಾನೇಜರು ಲೆನ್ಸ್ ಕೊಳ್ಳುವ ಅರ್ಜಿ ಮುಂದಿಟ್ಟರು. ‘ಆಯ್ಕೆಗೆ ಕಾರಣ’ ಎಂಬಲ್ಲಿ ಐದು ಸಾಲಿನ ಜಾಗವಿತ್ತು. ಮಸಿಯಕ್ಕ ಸ್ವಲ್ಪ ಯೋಚಿಸಿ ಬರೆದಳು: ‘ಎಲ್ಲದಕ್ಕೂ ಸುಮಾರಾಗಿ ಆಗುತ್ತದೆ.’ ಮ್ಯಾನೇಜರು ಓದಿ ಮುಖ ನೋಡಿದರು.

“ಇಷ್ಟೇನಾ ಅಕ್ಕಾ? ಎರಡು ತಿಂಗಳು ನೋಡಿದ್ದಕ್ಕೆ?”

“ಸಾಕು ಸಾರ್. ನಾನೂ ಅಷ್ಟೇ ಆಗೋದು ಇನ್ಮೇಲೆ. ಅಟ್ಟ ಹತ್ತಲ್ಲ, ಕಮೋಡು ಹತ್ತಲ್ಲ. ವಾರಕ್ಕೆ ಐದು ಜಾಗ, ಅದಕ್ಕಿಂತ ಜಾಸ್ತಿ ಬೇಡ.”

ಮ್ಯಾನೇಜರು ಅವಳ ಕೋಲು ನೋಡಿ ಸಹಿ ಹಾಕಿದರು.

ಮೊದಲ ಕೆಲಸ ಒಂದು ಬೇಕರಿ. ಒಲೆಯ ಹಿಂದಿನ ಗೋಡೆ ಹತ್ತಿಕೊಂಡು ಅರ್ಧ ಸೂರು ಹೋಗಿತ್ತು. ಮಸಿಯಕ್ಕ ಬಾಗಿಲಲ್ಲೇ ನಿಂತಳು. ಅಲ್ಲಿಂದಲೇ ಇಡೀ ಒಳಕೋಣೆ ತೆಗೆದಳು; ಅಲ್ಲಿಂದಲೇ ಆ ಕೊನೆಯ ಗೋಡೆಯ ಮೇಲೆ ಮುಳ್ಳು ನಿಂತುಹೋಗಿದ್ದ ಶಾಖಮಾಪಕವನ್ನೂ ತೆಗೆದಳು. ಒಳಗಿನ ಕತ್ತಲೆಯ ಮೂಲೆ ಸ್ವಲ್ಪ ಕಾಳುಕಾಳಾಗಿ ಬಂತು. ದರ್ಜಿಯ ಅಂಗಡಿಯಲ್ಲಿ ಕಂಡ ಆ ಕರಿಯೊಳಗಿನ ಕರಿ ಇದರಲ್ಲಿ ಸಿಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು. ಒಂದು ಕ್ಷಣ ಬೇಸರವೂ ಆಯಿತು. ಆದರೆ ಅಲ್ಲಿದ್ದ ಹಿಟ್ಟಿನ ಚೀಲಗಳ ಲೆಕ್ಕ ಹಾಕಲು ಅಷ್ಟು ಧಾರಾಳವಾಗಿ ಸಾಕಿತ್ತು.

ಬೇಕರಿಯವನು ಎಲ್ಲಿಂದಲೋ ಸುಡದೆ ಉಳಿದಿದ್ದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲ ಹೊರಗೆ ಹಾಕಿದ. “ಕೂತ್ಕೊಳ್ಳಿ ಅಮ್ಮ. ನಿಂತು ನಿಂತು ನನಗೂ ಸಾಕಾಯ್ತು,” ಅಂದು ತಾನು ಮೆಟ್ಟಿಲ ಮೇಲೆ ಕೂತ. ಮಸಿಯಕ್ಕ ಕೂತಳು. ಕೆಲಸದ ಜಾಗದಲ್ಲಿ ಅವಳು ಕೂತದ್ದು ಅದೇ ಮೊದಲು. ಅವನು ಒಲೆ ತಂದ ದಿನದ ಕತೆ ಶುರುಮಾಡಿದ. ಅವಳು ಮುಂದಿನ ಕೋಣೆಗೆ ಹೋಗುವ ಅವಸರವಿಲ್ಲದೆ ಕೇಳುತ್ತಾ ಹೋದಳು.

ಒಳಗಿನಿಂದ ಅಳತೆಪಟ್ಟಿ ಕೂಗಿದ, “ಅಕ್ಕಾ, ಬರ್ಕೊಳ್ತೀರಾ? ಗೋಡೆ ಹನ್ನೊಂದು ಅಡಿ ನಾಲ್ಕಿಂಚು!”

“ಒಂದ್ನಿಮಿಷ ಇರಿ,” ಅಂದಳು ಮಸಿಯಕ್ಕ. “ಇವ್ರದ್ದು ಇನ್ನೂ ಮುಗಿದಿಲ್ಲ.”